ಆಗಿದೆ, ಆಗ್ತಾ ಇದೆ

ವಿನೋಬನಗರ, ಶಿವಮೊಗ್ಗ

ಜೂನ್ 12, ಗುರುವಾರ

ಸಂಜೆಯ ಪಾಠಕ್ಕೆ ಮಕ್ಕಳು ಮಳೆಯಲ್ಲಿ ನೆಂದುಕೊಂಡೇ ಬಂದರು. ಇವತ್ತು ಪ್ರೆಸೆಂಟ್ ಪರ್ಫೆಕ್ಟ್. ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ಕ್ರಿಯಾಪದದ ಮೂರನೇ ರೂಪ: ಸೂತ್ರ ಎಲ್ಲರಿಗೂ ಬಾಯಿಪಾಠ. ಎಲ್ಲಿ ಬಳಸಬೇಕು ಎಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ.

ಸೂತ್ರ ಬದಿಗಿಟ್ಟು, "ಊಟ ಆಯ್ತಾ ಅಂತ ಇಂಗ್ಲಿಷಿನಲ್ಲಿ ಕೇಳ್ರೋ" ಎಂದೆ. "ಲಂಚ್ ಓವರ್?" ಎಂದರು. ಒಬ್ಬಳು "ಡಿಡ್ ಯು ಈಟ್?" ಎಂದಳು. ಅದೂ ಸಲ್ಲುತ್ತದೆ, ಅಮೆರಿಕದವರು ಹಾಗೆಯೇ ಕೇಳುತ್ತಾರೆ. ಆದರೆ ನಾವು ಕೇಳುವುದು ಎಷ್ಟು ಹೊತ್ತಿಗೆ ಉಂಡೆ ಎಂದಲ್ಲ. ಈಗ ಹೊಟ್ಟೆ ತುಂಬಿದೆಯೋ, ತಟ್ಟೆ ಹಾಕಬೇಕೋ ಎಂದು. ಆದ ಕೆಲಸದ ಫಲ ಈ ಹೊತ್ತಿಗೂ ಮುಖ್ಯವಾದರೆ "ಹ್ಯಾವ್ ಯು ಹ್ಯಾಡ್ ಯುವರ್ ಲಂಚ್?" ಇಷ್ಟು ಹೇಳಿದ್ದೇ ತಡ, ಉದಾಹರಣೆಗಳು ಅವರಿಂದಲೇ ಬಂದವು. ಕರೆಂಟ್ ಹೋಗಿದೆ, ಮಾವ ಬಂದಿದ್ದಾರೆ, ಛತ್ರಿ ಕಳೆದಿದೆ.

ಜೂನ್ 14, ಶನಿವಾರ

"ನಿನ್ನೆಯೇ ಫೀಸ್ ಕಟ್ಟಿದ್ದೀನಿ ಮಿಸ್" ಎನ್ನುವುದು ಒಳ್ಳೆಯ ಕನ್ನಡ. "ಐ ಹ್ಯಾವ್ ಪೇಯ್ಡ್ ಯೆಸ್ಟರ್‌ಡೇ" ಮಾತ್ರ ಇಂಗ್ಲಿಷಿಗೆ ಒಗ್ಗದು. ನಿನ್ನೆ, ಹೋದ ವಾರ, ಇಂಥ ಇಸವಿಯಲ್ಲಿ ಎಂದು ಮುಗಿದ ಕಾಲವನ್ನು ಹೆಸರಿಸಿದ ಕೂಡಲೇ ಹ್ಯಾವ್ ಬಿಡಬೇಕು. ಊರಿನ ಹೆಸರನ್ನೇ ಹಿಡಿದು ಹೇಳಿದೆ. ಶಿಮೊಗ ಹೋಗಿ ಶಿವಮೊಗ್ಗ ಆಯಿತಲ್ಲ, "ದ ನೇಮ್ ಹ್ಯಾಸ್ ಚೇಂಜ್ಡ್" ಎನ್ನಬಹುದು, "ದ ನೇಮ್ ಚೇಂಜ್ಡ್ ಇನ್ 2014" ಎನ್ನಬಹುದು. ಎರಡನ್ನೂ ಬೆರೆಸುವ ಹಾಗಿಲ್ಲ. ಹತ್ತನೇ ತರಗತಿಯ ಹುಡುಗನೊಬ್ಬ "ಹಾಗಾದ್ರೆ ಇವತ್ತು?" ಎಂದು ಕೇಳಿದ. ಎಷ್ಟು ಚೆನ್ನಾದ ಪ್ರಶ್ನೆ! ಇವತ್ತು ಇನ್ನೂ ಮುಗಿದಿಲ್ಲ, ಹಾಗಾಗಿ ಹ್ಯಾವ್ ಜೊತೆ ಬರುತ್ತದೆ.

ಜೂನ್ 17, ಮಂಗಳವಾರ

ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್ ಶುರು. ಭದ್ರಾವತಿಯಿಂದ ಬರುವ ಹುಡುಗಿ ಬರೆದದ್ದು: "ಮೈ ಫಾದರ್ ಈಸ್ ವರ್ಕಿಂಗ್ ಇನ್ ಐರನ್ ಫ್ಯಾಕ್ಟರಿ ಸಿನ್ಸ್ ಟ್ವೆಂಟಿ ಇಯರ್ಸ್." ಕನ್ನಡ ಬಲ್ಲವರಿಗೆ ಇದು ಎಲ್ಲಿಂದ ಬಂತು ಎಂದು ತಕ್ಷಣ ತಿಳಿಯುತ್ತದೆ. "ಇಪ್ಪತ್ತು ವರ್ಷದಿಂದ ಕೆಲಸ ಮಾಡ್ತಿದ್ದಾರೆ." ನಮಗೆ ವರ್ತಮಾನ ಕಾಲವೇ ಸಾಕು. ಇಂಗ್ಲಿಷ್ ಹಿಂದಿನ ಇಪ್ಪತ್ತು ವರ್ಷವನ್ನೂ ಕ್ರಿಯಾಪದದೊಳಗೇ ತರಬೇಕು ಎನ್ನುತ್ತದೆ: "ಹ್ಯಾಸ್ ಬೀನ್ ವರ್ಕಿಂಗ್." ಇನ್ನೊಂದು ತೊಡಕು ನಮ್ಮ "ಇಂದ". ವರ್ಷದಿಂದ, 1923ರಿಂದ, ಎರಡಕ್ಕೂ ಅದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಅವಧಿಗೆ ಫಾರ್, ಶುರುವಾದ ಹೊತ್ತಿಗೆ ಸಿನ್ಸ್. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದದ್ದು 1923ರಲ್ಲಿ, ಆದ್ದರಿಂದ "ಸಿನ್ಸ್ 1923". ಅವಳ ಅಪ್ಪನ ಕೆಲಸ "ಫಾರ್ ಟ್ವೆಂಟಿ ಇಯರ್ಸ್".

ಅವಳ ಪಕ್ಕದವಳ ತಾತ ದುಡಿದದ್ದು ಕಾಗದದ ಕಾರ್ಖಾನೆಯಲ್ಲಿ. 1936ರಲ್ಲಿ ಸ್ಥಾಪನೆಯಾದ ಆ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ಈಗ ಉತ್ಪಾದನೆ ನಿಂತಿದೆ, ತಾತನಿಗೂ ನಿವೃತ್ತಿಯಾಗಿದೆ. ಅಲ್ಲಿ "ಹ್ಯಾಸ್ ಬೀನ್" ಸಲ್ಲದು, "ವರ್ಕ್ಡ್" ಅಷ್ಟೇ. ಹುಡುಗಿ ಪೆನ್ಸಿಲಿನಲ್ಲಿ ಬರೆದದ್ದನ್ನು ತಾನೇ ಅಳಿಸಿ ತಿದ್ದಿಕೊಂಡಳು.

ಜೂನ್ 18, ಬುಧವಾರ

ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಎರಡರ ನಡುವಿನ ವ್ಯತ್ಯಾಸ ತೋರಿಸಲು ನೋಟ್ಸ್ ಬರೆಯುವ ಕೆಲಸವೇ ಸಾಕಾಯಿತು. ಮೂರು ಪಾಠ ಬರೆದು ಮುಗಿಸಿದ್ದರೆ "ಐ ಹ್ಯಾವ್ ರಿಟನ್ ತ್ರೀ ಲೆಸನ್ಸ್". ಬೆಳಗ್ಗೆಯಿಂದ ಬರೆಯುತ್ತಲೇ ಇದ್ದರೆ "ಐ ಹ್ಯಾವ್ ಬೀನ್ ರೈಟಿಂಗ್ ಸಿನ್ಸ್ ದಿಸ್ ಮಾರ್ನಿಂಗ್". ಮೊದಲನೆಯದು ಎಷ್ಟು ಆಯಿತು ಎನ್ನುತ್ತದೆ, ಎರಡನೆಯದು ಎಷ್ಟು ಹೊತ್ತಿನಿಂದ ಎಂದು. ನೋ, ಬಿಲೀವ್‌ಗಳಂಥ ಮನಸ್ಸಿನ ಕ್ರಿಯಾಪದಗಳಿಗೆ ಬೀನ್ ಸೇರಿಸಬಾರದು: ಗೆಳತಿಯನ್ನು ಚಿಕ್ಕಂದಿನಿಂದ ಬಲ್ಲೆ ಎನ್ನಲು "ಐ ಹ್ಯಾವ್ ನೋನ್ ಹರ್".

ಈ ಮಕ್ಕಳ ಬುದ್ಧಿಗೆ ಏನೂ ಕೊರತೆಯಿಲ್ಲ. ಅವರ ತಪ್ಪುಗಳೆಲ್ಲ ಸರಿಯಾದ ಕನ್ನಡದಿಂದಲೇ ಬಂದವು. ಕನ್ನಡ ಮಾಧ್ಯಮದ ಮಕ್ಕಳಿಗೆಂದು ಇಂಗ್ಲಿಷ್ ವ್ಯಾಕರಣ ಬರೆಯುವವರು ಸೂತ್ರಕ್ಕೆ ಮೊದಲು ನಮ್ಮ "ಇಂದ"ಕ್ಕೂ ನಮ್ಮ "ಇದ್ದೇನೆ"ಗೂ ಒಂದು ಪುಟ ಕೊಡಲಿ.