ತುರಹಳ್ಳಿಯ ಕಾಡು

ಬೆಂಗಳೂರಿನ ಉದ್ಯಾನವೆಂದೊಡನೆ ವಾಚಕರ ಮನಸ್ಸು ಲಾಲ್‌ಬಾಗಿನ ಕಡೆಗೆ ಓಡುವುದು ಸಹಜ. 1760ರಲ್ಲಿ ಹೈದರಾಲಿಯು ಆರಂಭಿಸಿದ ಆ ತೋಟದ ಕೀರ್ತಿಯು ದೇಶವನ್ನೆಲ್ಲ ವ್ಯಾಪಿಸಿದೆ. ಆದರೆ ಇಟ್ಟಮಡುವಿನ ನಿವಾಸಿಗಳಾದ ನಾವು ಕಳೆದ ಭಾನುವಾರ ಮೊಮ್ಮಗನೊಡನೆ ಹೊರಟುದು ಉತ್ತರಹಳ್ಳಿಯ ಆಚೆಗಿರುವ ತುರಹಳ್ಳಿಯ ಕಾಡಿಗೆ.

ಅಲ್ಲಿ ಹೂವಿನ ಪಾತಿಗಳಿಲ್ಲ, ಕಾರಂಜಿಯಿಲ್ಲ. ಕುರುಚಲು ಗಿಡಗಳೂ ಹೆಬ್ಬಂಡೆಗಳೂ ನಮ್ಮನ್ನು ಎದುರುಗೊಂಡವು. ಎಲ್ಲಿಯೋ ನವಿಲು ಕೂಗಿತು.

“ಅಜ್ಜಾ, ಈ ತೋಟವನ್ನು ಯಾರು ಮಾಡಿದರು?” ಎಂದು ಬಾಲಕನು ಕೇಳಿದನು.

ಮನುಷ್ಯನು ಬೆಳೆಯಿಸಿದ ಕೃತಕ ವನಕ್ಕೆ ಅಮರಕೋಶವು ಉಪವನವೆಂಬ ಹೆಸರನ್ನು ಹೇಳುತ್ತದೆ. “ಮಗೂ, ಇದು ಉಪವನವಲ್ಲ, ವನ. ನೆಟ್ಟ ನೀಲಗಿರಿ ಮರಗಳನ್ನು ಬಿಟ್ಟರೆ ಉಳಿದುದು ತಾನಾಗಿ ಬೆಳೆದುದು” ಎಂದೆವು.

2021ರಲ್ಲಿ ಇಲ್ಲಿ ವೃಕ್ಷೋದ್ಯಾನವೊಂದನ್ನು ನಿರ್ಮಿಸುವ ಯೋಜನೆಯು ಹೊರಟಿತ್ತು. ಕಾಡು ಕಾಡಾಗಿಯೇ ಉಳಿಯಲೆಂದು ಸುತ್ತಣ ಜನರು ಪ್ರತಿಭಟಿಸಿದುದರಿಂದ ಅದನ್ನು ಕೈಬಿಡಲಾಯಿತು. ಬೆಳೆಯುತ್ತಿರುವ ನಗರಕ್ಕೆ ಉಪವನಗಳು ಬೇಕೆಂಬುದು ನಿಜ. ಅವನ್ನು ಬೇರೆಡೆಯಲ್ಲಿ ನೆಡಬಹುದು. ತಾನಾಗಿ ಬೆಳೆದ ವನವನ್ನು ಕಳೆದುಕೊಂಡರೆ ಮತ್ತೆ ಪಡೆಯುವುದೆಂತು?

ವಾಚಕರೂ ಒಮ್ಮೆ ಮಕ್ಕಳೊಡನೆ ಹೋಗಿ, ಅರಣ್ಯ ಇಲಾಖೆಯವರು ಬಿಡುವಷ್ಟು ದೂರ ನಡೆದು ಬರಲಿ. ಬರುವಾಗ ಒಂದು ಎಲೆಯನ್ನೂ ಕಿತ್ತು ತರದಿರಲಿ.