ಒಂಟಿ ನಳಿಗೆಯ ಕೋವಿ ಮತ್ತು ಶ್ರಾವಕಧರ್ಮ

ಪಶ್ಚಿಮಘಟ್ಟದ ತಪ್ಪಲಿನ ಒಂದು ಜೈನ ಮನೆಯ ಚಾವಡಿಯಲ್ಲಿ ಹಳೆಯ ಒಂಟಿ ನಳಿಗೆಯ ತೋಟೆಕೋವಿಯೊಂದು ಗೋಡೆಗೆ ತೂಗುತ್ತಿತ್ತು. ಎದುರಿನ ಗೋಡೆಯಲ್ಲಿ ಹದಿನಾರನೆಯ ತೀರ್ಥಂಕರರಾದ ಶಾಂತಿನಾಥಸ್ವಾಮಿಯ ಚಿತ್ರಪಟ. ಪೀಠದ ಮೇಲೆ ಅವರ ಲಾಂಛನವಾದ ಜಿಂಕೆ. ಇವೆರಡೂ ಎದುರುಬದುರಾಗಿರುವುದು ಬಹುಕಾಲ ಯಾರ ಮನಸ್ಸಿಗೂ ತಟ್ಟಲಿಲ್ಲ. ಕೋವಿಯು ಬೆಳೆರಕ್ಷಣೆಗೆಂದು ಪರವಾನಗಿ ಪಡೆದದ್ದು. ಹಂದಿಗಳನ್ನು ಬೆದರಿಸಲು ಮನೆಯ ಯಜಮಾನರು ಆಕಾಶದತ್ತ ಹಾರಿಸಿದ್ದುಂಟೇ ಹೊರತು ಪ್ರಾಣಿಗೆ ಗುರಿಯಿಟ್ಟವರಲ್ಲ.

ಒಂದು ಸುಗ್ಗಿಯಲ್ಲಿ ನೆರೆಯ ಒಕ್ಕಲಿನವನು ಬಂದು, “ಧಣಿ, ಗದ್ದೆಗೆ ಹಂದಿ ಬೀಳ್ತದೆ, ಒಂದು ರಾತ್ರಿಗೆ ಕೋವಿ ಕೊಡಿ” ಎಂದು ಬೇಡಿದನು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಯಜಮಾನರು ಕೊಟ್ಟರು. ಆ ರಾತ್ರಿ ಗುಂಡು ತಗುಲಿದ್ದು ಹಂದಿಗಲ್ಲ, ಒಂದು ಕಡವೆಗೆ. ಅದು ಗಾಯಗೊಂಡು ಕಾಡು ಸೇರಿತು. ಮೂರನೆಯ ದಿನ ತೋಡಿನ ಬದಿಯಲ್ಲಿ ಸತ್ತು ಬಿದ್ದಿತ್ತು. “ಕೊಂದವನು ನಾನಲ್ಲವಲ್ಲ” ಎಂದು ಯಜಮಾನರು ಸಮಾಧಾನ ಹೇಳಿಕೊಂಡರು. ಆದರೆ ಆ ಸಮಾಧಾನ ಅವರಲ್ಲಿ ನಿಲ್ಲಲಿಲ್ಲ.

ಒಂಟಿ ನಳಿಗೆಯ ಕೋವಿಯನ್ನು ಹೊಗಳುವ ಬೇಟೆಗಾರರಿದ್ದಾರೆ. ಒಂದೇ ತೋಟೆಯಾದುದರಿಂದ ಬೇಟೆಗಾರನು ತಾಳ್ಮೆಯಿಂದ ಗುರಿಯಿಡುತ್ತಾನೆ, ಪ್ರಾಣಿಗೂ ತಪ್ಪಿಸಿಕೊಳ್ಳುವ ಅವಕಾಶವಿದೆ ಎಂಬುದು ಅವರ ವಾದ. ಆದರೆ ಈ ಕೋವಿಯಿಂದ ಹೊರಟ ಸೀಸದ ಗುಂಡುಗಳು ದೂರ ಹೋದಂತೆಲ್ಲ ಚದರುತ್ತವೆ. ಸುಮಾರು ಮೂವತ್ತೈದು, ನಲವತ್ತು ಮೀಟರ್ ದಾಟಿದರೆ ಪ್ರಾಣಿಯನ್ನು ಬೀಳಿಸದೆ ಗಾಯಮಾತ್ರ ಮಾಡುವ ಸಂಭವವೇ ಹೆಚ್ಚು. ನಳಿಗೆಯನ್ನು ಮಡಿಸಿ, ಖಾಲಿ ತೋಟೆ ತೆಗೆದು, ಹೊಸದನ್ನು ತುಂಬುವಷ್ಟರಲ್ಲಿ ಜೀವವು ನೋವನ್ನು ಹೊತ್ತು ಕತ್ತಲೆಯಲ್ಲಿ ಮರೆಯಾಗಿರುತ್ತದೆ. ಬೇಟೆಗಾರನ ಸಂಯಮವೆಂದು ಹೊಗಳಿಸಿಕೊಂಡದ್ದರ ಬೆಲೆಯನ್ನು ತೆರುವುದು ಮೃಗ.

ಶ್ರಾವಕನು ಅಡುಗೆ, ಕೃಷಿ, ಆತ್ಮರಕ್ಷಣೆಗಳಲ್ಲಿ ಆಗುವ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ಣವಾಗಿ ಬಿಡಲಾರನು. ಸಂಕಲ್ಪೀ ಹಿಂಸೆಯನ್ನಂತೂ ಬಿಡಲೇಬೇಕು. ಬೇಟೆಯು ಸಪ್ತವ್ಯಸನಗಳಲ್ಲಿ ಒಂದು. ಇಷ್ಟನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಹಿಂಸಾದಾನವನ್ನೂ ಎಣಿಸಿದೆ. ಕೊಲ್ಲುವ ಸಾಧನವನ್ನು ಪರರ ಕೈಗೆ ಕೊಡುವುದೂ ದೋಷವೇ. ನೇಮಿನಾಥಸ್ವಾಮಿಯು ತನ್ನ ವಿವಾಹದ ಔತಣಕ್ಕೆಂದು ಕೂಡಿಹಾಕಿದ್ದ ಮೃಗಗಳನ್ನು ಕಂಡು ಮದುವೆಯನ್ನೇ ತೊರೆದನು. ಅವುಗಳನ್ನು ಹಿಡಿದವನು ಅವನಲ್ಲ, ಕೊಲ್ಲಬೇಕಾಗಿದ್ದವನೂ ಅವನಲ್ಲ. ತನ್ನ ನಿಮಿತ್ತವಾಗಿ ಅವು ಸಾಯಲಿದ್ದವು ಎಂಬುದೇ ಅವನಿಗೆ ಸಾಕಾಯಿತು.

ಯಜಮಾನರು ತೀರಿಕೊಂಡ ಮೇಲೆ ಕೋವಿಯ ಪ್ರಶ್ನೆ ಮಗನ ಮುಂದೆ ಬಂತು. 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ತನ್ನ ಹೆಸರಿಗೆ ಪರವಾನಗಿ ಕೇಳಬಹುದಿತ್ತು, ಪರವಾನಗಿಯುಳ್ಳವರಿಗೆ ಮಾರಬಹುದಿತ್ತು. ಕೊಳ್ಳಲು ಬಂದವರೂ ಇದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಡವೆ, ಜಿಂಕೆಗಳ ಬೇಟೆಯನ್ನು ಅಪರಾಧವೆಂದಿದ್ದರೂ, ಕೊಂಡವರು ಕತ್ತಲಲ್ಲಿ ಏನು ಮಾಡುವರೆಂದು ಯಾರು ಬಲ್ಲರು? “ಹಣವೂ ಬೇಡ, ಅದರ ಹಿಂದೆ ಬರುವ ಪಾಪವೂ ಬೇಡ ಮಗಾ” ಎಂದರು ವೃದ್ಧ ತಾಯಿ. ಮಗನು ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಮರಳಿ ಕೇಳುವುದಿಲ್ಲವೆಂದು ಬರೆದುಕೊಟ್ಟು ಬಂದನು. ಗದ್ದೆಗೆ ಈಗ ಬೇಲಿಯಿದೆ, ರಾತ್ರಿ ಕಾವಲಿದೆ. ಆದರೂ ಒಂದಿಷ್ಟು ಬೆಳೆ ಹಂದಿಯ ಪಾಲಾಗುತ್ತದೆ. ಆ ನಷ್ಟವನ್ನು ಮನೆಯವರು ತಿಳಿದೇ ಒಪ್ಪಿಕೊಂಡಿದ್ದಾರೆ.

ಹಿರಿಯರಿಂದ ಬಂದ ಆಯುಧಗಳು ನಮ್ಮ ಅನೇಕ ಮನೆಗಳಲ್ಲಿವೆ. ಅವುಗಳಿಗೆ ಎಣ್ಣೆ ಸವರಿ ಕಾಪಾಡುವಾಗ, ನಾವು ಕಾಪಾಡುತ್ತಿರುವುದು ಮನೆತನದ ನೆನಪನ್ನೋ, ಯಾರದೋ ನಾಳೆಯ ಹಿಂಸೆಯನ್ನೋ ಎಂದು ಪ್ರತಿಯೊಬ್ಬ ಶ್ರಾವಕನೂ ಕೇಳಿಕೊಳ್ಳುವುದು ಒಳಿತು.