ಅಕ್ಕನ ಗಡ್ಡೆಗೆ ಎಲ್ಲಿಂದ ರಕ್ತ?

ನಮ್ಮ ಜತ್ತ ತಾಲೂಕಿನ ಕಡೆ ‘ಗಡ್ಡಿ’ ಅಂದರೆ ಸಾಕು, ಮನೆಮಂದಿ ಕ್ಯಾನ್ಸರ್ ಎಂದೇ ತಿಳಿದು ಅಳಲು ಶುರು ಮಾಡುತ್ತಾರೆ. ಫೈಬ್ರಾಯ್ಡ್ ಹಾಗಲ್ಲ. ಗರ್ಭಚೀಲದ ಸ್ನಾಯುವಿನಲ್ಲೇ ಬೆಳೆಯುವ ಗಂಟು ಅದು. ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಎಷ್ಟೋ ಹೆಂಗಸರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ನಮ್ಮಕ್ಕನಿಗೆ ಮಾತ್ರ ಗೊತ್ತಾಗುವ ಹಾಗೇ ಬಂತು. ತಿಂಗಳಲ್ಲಿ ಹತ್ತು ದಿನ ಮುಟ್ಟು, 12 ಇರಬೇಕಾದ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಕೊಡ ಎತ್ತಿದರೆ ಏದುಸಿರು.

“ಮಕ್ಕಳಾಗ್ಯಾವ, ಇನ್ನ್ಯಾಕ ಬೇಕು, ತಗಿಸಿ ಒಗಿ” ಅಂದರು ಅವಳ ಅತ್ತೆ. ನಮ್ಮ ಕಡೆ ಎಲ್ಲದಕ್ಕೂ ಇದೇ ಔಷಧ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳು ಸಣ್ಣ ವಯಸ್ಸಿಗೇ ಗರ್ಭಚೀಲ ತೆಗೆಸಿಕೊಂಡ ಸುದ್ದಿ 2019ರಲ್ಲಿ ಪೇಪರಿಗೆ ಬಂದಾಗ ನಮಗೇನೂ ಆಶ್ಚರ್ಯ ಆಗಲಿಲ್ಲ ಬಿಡಿ. ಅಕ್ಕ ಒಲ್ಲೆ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ.

ಇನ್ನೊಂದು ದಾರಿಯಿದೆ, ಗಡ್ಡೆಗೆ ರಕ್ತ ಹೋಗುವ ನಾಳವನ್ನೇ ಮುಚ್ಚುವುದು. ಪ್ಯಾರಿಸಿನ ರಾವಿನಾ ಎಂಬ ವೈದ್ಯರು ಮತ್ತು ಅವರ ಜೊತೆಗಾರರು 1995ರಲ್ಲಿ ಇದನ್ನು ಪ್ರಕಟಿಸಿದರು. ತೊಡೆಸಂದಿನಿಂದ ಸಣ್ಣ ನಳಿಕೆ ತೂರಿಸಿ, ಗರ್ಭಕೋಶದ ಎಡಬಲದ ಎರಡೂ ಅಪಧಮನಿಗಳಲ್ಲಿ ಮರಳಿನಂಥ ಕಣ ಬಿಡುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ, ಗಡ್ಡೆ ತಾನಾಗಿ ಕುಗ್ಗುತ್ತದೆ.

ಪುಣೆಗೆ ಹೋಗಿ ಮಾಡಿಸಿದೆವು. ಆರು ತಿಂಗಳಿಗೆ ಮೂರರಲ್ಲಿ ಎರಡು ಕುಗ್ಗಿದವು. ಮೇಲ್ಭಾಗದ ದೊಡ್ಡದು ಹಾಗೇ ಇತ್ತು, ರಕ್ತವೂ ನಿಲ್ಲಲಿಲ್ಲ. “ನನ್ನ ಕರ್ಮ” ಅಂದಳು ಅಕ್ಕ.

ಡಾಕ್ಟರು ನಾಳಗಳಿಗೆ ಔಷಧಿ ಬಿಟ್ಟು ಮತ್ತೆ ಚಿತ್ರ ತೆಗೆದು ಮರಾಠಿಯಲ್ಲಿ ವಿವರಿಸಿದರು. ಅಕ್ಕನ ಮರಾಠಿ ಸಂತೆಗೆ ಸಾಕು, ಇದಕ್ಕೆ ಸಾಲದು. ಹೊರಗೆ ಬೆಂಚಿನ ಮೇಲೆ ಕೂತು ಔಷಧಿ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದೆ. “ನೋಡಕ್ಕ, ಇದು ನಿನ್ನ ಹೊಲ. ಎರಡೂ ಕಾಲುವಿ ಬಂದ್ ಮಾಡ್ಯಾರ. ಆದ್ರ ಈ ಮ್ಯಾಲಿನ ಮೂಲಿಗೆ ಬ್ಯಾರೆ ಕಡಿಂದ ನೀರು ಬರಾಕತ್ತೈತಿ.”

“ಕಳ್ಳನೀರು ಅನ್ನು” ಎಂದಳು. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಆ ಮಾತು ಹೊಳೆದಿರಲಿಲ್ಲ ನೋಡಿ.

ಆ ಕಳ್ಳನೀರು ಅಂಡಾಶಯದ ಅಪಧಮನಿಯದು. ಗರ್ಭಕೋಶದ ಅಪಧಮನಿ ಕಿಬ್ಬೊಟ್ಟೆಯೊಳಗೇ ಕವಲೊಡೆಯುತ್ತದೆ. ಇದು ಹಾಗಲ್ಲ, ಬಲು ಮೇಲೆ, ಮೂತ್ರಪಿಂಡದ ನಾಳಗಳಿಗಿಂತ ತುಸು ಕೆಳಗೆ ಮಹಾ ಅಪಧಮನಿಯಿಂದ ಹೊರಟು ಇಳಿದು ಬರುತ್ತದೆ. ಸಾಮಾನ್ಯವಾಗಿ ಇವೆರಡೂ ಸಣ್ಣಗೆ ಕೂಡಿಕೊಂಡಿರುತ್ತವೆ. ಕೆಲವರಲ್ಲಿ ಆ ಕೂಡುದಾರಿ ದಪ್ಪವಾಗಿ ಗಡ್ಡೆಗೇ ರಕ್ತ ಉಣಿಸುತ್ತದೆ. ಗಡ್ಡೆ ದೊಡ್ಡದಾಗಿ ಮೇಲ್ಭಾಗದಲ್ಲಿದ್ದರೆ, ಹಿಂದೆ ಕಿಬ್ಬೊಟ್ಟೆಯ ಆಪರೇಷನ್ ಆಗಿದ್ದರೆ ಈ ಸಂಭವ ಹೆಚ್ಚು. ಅಕ್ಕನಿಗೆ ಎರಡೂ ಇತ್ತು. ಇದಕ್ಕಿಂತ ವಿಚಿತ್ರವೂ ಉಂಟು. ತೊಟ್ಟಿನಿಂದ ಜೋತಾಡುವ ಗಡ್ಡೆ ಕರುಳಿನ ಮುಂದಿನ ಕೊಬ್ಬಿನ ಪದರಕ್ಕೆ ಅಂಟಿ, ಅಲ್ಲಿಂದ ರಕ್ತ ಹೀರಿ, ಕಡೆಗೆ ತೊಟ್ಟು ಕಳಚಿದರೂ ಬದುಕುತ್ತದೆ. ಮಾವಿನ ಮರದ ಬದನಿಕೆಯ ಹಾಗೆ!

ಈ ನಾಳವನ್ನೂ ಮುಚ್ಚಬಹುದು. ಆದರೆ ಅಂಡಾಶಯಕ್ಕೂ ಅದರದೇ ರಕ್ತ, ಹಾಗಾಗಿ ಮುಟ್ಟು ಬೇಗ ನಿಂತುಬಿಡಬಹುದು. ಇನ್ನೂ ಮಕ್ಕಳು ಬೇಕೆನ್ನುವವರಿಗೆ ಇದು ಸಣ್ಣ ಮಾತಲ್ಲ. ಅಕ್ಕನಿಗೆ 46. “ನಿಂತ್ರ ನಿಲ್ಲಲಿ, ಚೀಲ ಇರಲಿ” ಎಂದು ಕನ್ನಡದಲ್ಲೇ ಸಹಿ ಮಾಡಿದಳು.

ಶಾಲೆಗೆ ಬರುವ ತಾಯಂದಿರು ಕೇಳಿದರೆ ಅದೇ ಹೊಲದ ಚಿತ್ರ ಬರೆದು ತೋರಿಸುತ್ತೇನೆ. ಎಂಆರ್‌ಐ ಮಾಡುವಾಗಲೇ ರಕ್ತನಾಳಗಳನ್ನೂ ನೋಡಲು ಬರುತ್ತದೆ, ‘ಗಡ್ಡಿಗೆ ಎಲ್ಲಿಂದ ರಕ್ತ’ ಎಂದು ಮೊದಲೇ ಕೇಳಿ ಎನ್ನುತ್ತೇನೆ. ಅಕ್ಕನ ಹಿಮೋಗ್ಲೋಬಿನ್ ಈಗ 11. ಕಬ್ಬಿಣದ ಗುಳಿಗೆ ಮಾತ್ರ ಇನ್ನೂ ತಪ್ಪಿಲ್ಲ.